ಗುಡಾರಕ್ಕೆ ಎರಡು ಬಾಗಿಲು: ಕೊರಿಯಾದಲ್ಲಿ ಐದು ದಿನ

ಮಡಿಕೇರಿಗೆ ಹೋದವರಿಗೆಲ್ಲ ಜನರಲ್ ತಿಮ್ಮಯ್ಯ ಸರ್ಕಲ್ ಗೊತ್ತು. ಅವರ ಮನೆ ಸನ್ನಿ ಸೈಡ್ 2021ರಿಂದ ಮ್ಯೂಸಿಯಂ ಆಗಿದೆ. ಅಪ್ಪನ ಜೊತೆ ಅದನ್ನು ನೋಡಿ ಹೊರಗೆ ಬಂದಾಗ ಅಪ್ಪ ಹೇಳಿದ್ದು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. "ಕಾಶ್ಮೀರದಲ್ಲಿ ಇವರು ಮಾಡಿದ್ದು ಎಲ್ರಿಗೂ ಗೊತ್ತು ಕಣೋ. ಕೊರಿಯಾದಲ್ಲಿ ಮಾಡಿದ್ದು ಯಾರಿಗೂ ಗೊತ್ತಿಲ್ಲ. ಅಮೆರಿಕ ಒಂದು ಕಡೆ, ರಷ್ಯಾ ಚೀನಾ ಇನ್ನೊಂದು ಕಡೆ. ನಡುವೆ ಕೂತಿದ್ದು ನಮ್ಮ ಊರಿನವರು."

ತಂಗಿ ದಕ್ಷಿಣ ಕೊರಿಯಾದ ಸುವಾನ್‌ನಲ್ಲಿ ಕೆಲಸಕ್ಕೆ ಸೇರಿ ಮೂರು ವರ್ಷ. ಬಾ ಬಾ ಅಂತ ಕರೆಯುತ್ತಲೇ ಇದ್ದಳು. ಅಕ್ಟೋಬರ್ ಕೊನೆಯಲ್ಲಿ ಐದು ದಿನ ರಜೆ ಹೊಂದಿಸಿಕೊಂಡು ಹೋದೆ. ಅಂಗಡಿ ಬೀದಿ, ಸಿನಿಮಾ ಶೂಟಿಂಗ್ ಆದ ಜಾಗ ಯಾವುದೂ ಬೇಡ, ಉತ್ತರ, ದಕ್ಷಿಣ ಕೊರಿಯಾ ನಡುವಿನ ಗೆರೆ ಹುಟ್ಟಿದ ಕಥೆ ನೋಡಬೇಕು ಅಂದೆ. ಅವಳು ಒಪ್ಪಿದಳು.

ಮೊದಲ ದಿನ, ಸಿಯೋಲ್

ಮಂಗಳವಾರ ಶುರು ಮಾಡಿದ್ದು ಒಳ್ಳೇದಾಯಿತು. ಇಲ್ಲಿ ಸೋಮವಾರ ಮ್ಯೂಸಿಯಂ, ಅರಮನೆ, ಗಡಿ ಪ್ರವಾಸ ಬಹುಪಾಲು ಎಲ್ಲ ಬಂದ್. ಬೆಳಿಗ್ಗೆ ಯೋಂಗ್‌ಸಾನ್‌ನ ಯುದ್ಧ ಸ್ಮಾರಕಕ್ಕೆ ಹೋದೆವು. ಒಳಗೆ ಹೋಗಲು ದುಡ್ಡು ಕೊಡಬೇಕಿಲ್ಲ. ಹೊರಗೆ ಬಿರುಕು ಬಿಟ್ಟ ಗುಮ್ಮಟದ ಮೇಲೆ ಇಬ್ಬರು ಸೈನಿಕರ ಪ್ರತಿಮೆ ಇದೆ. ಅಣ್ಣ ದಕ್ಷಿಣದ ಅಧಿಕಾರಿ, ತಮ್ಮ ಉತ್ತರದ ಸಿಪಾಯಿ. ರಣರಂಗದಲ್ಲಿ ಎದುರಾಗಿ ತಬ್ಬಿಕೊಂಡಿದ್ದಾರೆ. ಅಣ್ಣ ದೊಡ್ಡ ಆಳು, ಬೆನ್ನಿಗೆ ಬಂದೂಕು. ತಮ್ಮ ಸಣ್ಣವನು, ಕೈಯಲ್ಲಿ ಏನೂ ಇಲ್ಲ. ಗೆದ್ದ ಕಡೆಯವರು ಕಟ್ಟಿಸಿದ್ದು ಹೀಗೇ ಇರುತ್ತದೆ ಅಂತ ಮೊದಲು ಅನ್ನಿಸಿತು. ಆಮೇಲೆ ನೆನಪಾಯಿತು, ಇಲ್ಲಿ ಯಾರೂ ಗೆಲ್ಲಲಿಲ್ಲ. ಯುದ್ಧ ಕದನ ವಿರಾಮದಲ್ಲಿ ನಿಂತಿದೆ, ಕಾಗದದ ಮೇಲೆ ಇನ್ನೂ ಮುಗಿದೇ ಇಲ್ಲ.

ಒಳಗೆ ಒಂದು ನಕ್ಷೆಯ ಮುಂದೆ ತುಂಬಾ ಹೊತ್ತು ನಿಂತೆ. ಕಥೆ ಶುರುವಾಗೋದು 1945ರ ಆಗಸ್ಟ್‌ನಲ್ಲಿ. 35 ವರ್ಷ ಕೊರಿಯಾವನ್ನು ಆಳಿದ ಜಪಾನ್ ಸೋಲುವ ಹಂತದಲ್ಲಿತ್ತು. ಆಗಸ್ಟ್ 8ಕ್ಕೆ ಸೋವಿಯತ್ ಒಕ್ಕೂಟ ಜಪಾನ್ ಮೇಲೆ ಯುದ್ಧ ಸಾರಿತು, ಅದರ ಸೈನ್ಯ ಉತ್ತರದಿಂದ ಇಳಿಯತೊಡಗಿತು. ಅಮೆರಿಕದ ಸೈನ್ಯ ಇನ್ನೂ ಓಕಿನಾವಾ ಕಡೆ ಇತ್ತು. ಇಡೀ ಕೊರಿಯಾ ಸ್ಟಾಲಿನ್ ಕೈಗೆ ಹೋಗುತ್ತದೆ ಅಂತ ವಾಷಿಂಗ್ಟನ್‌ನವರಿಗೆ ದಿಗಿಲು. ಆಗಸ್ಟ್ 10ರ ರಾತ್ರಿ ಡೀನ್ ರಸ್ಕ್, ಚಾರ್ಲ್ಸ್ ಬೋನ್‌ಸ್ಟೀಲ್ ಅನ್ನುವ ಇಬ್ಬರು ಕರ್ನಲ್‌ಗಳನ್ನು ಕರೆದು, ಎಲ್ಲಿ ಗೆರೆ ಎಳೆಯಬಹುದು ನೋಡಿ ಅಂತ ಕೂರಿಸಿದರು. ಕೊಟ್ಟ ಸಮಯ ಅರ್ಧ ಗಂಟೆ. ಕೈಗೆ ಸಿಕ್ಕಿದ್ದು ನ್ಯಾಷನಲ್ ಜಿಯಾಗ್ರಫಿಕ್ ಪತ್ರಿಕೆಯ ನಕ್ಷೆ. ರಾಜಧಾನಿ ತಮ್ಮ ಕಡೆಗೆ ಬರಬೇಕು ಅಂತ 38ನೇ ಅಕ್ಷಾಂಶ ತೋರಿಸಿದರು. ಸೋವಿಯತ್ತಿನವರು ಚೌಕಾಸಿ ಮಾಡದೆ ಒಪ್ಪಿದರು. ಹೊಳೆ, ಬೆಟ್ಟ, ಊರು, ಮನೆ, ಯಾವುದನ್ನೂ ನೋಡದ ಗೆರೆ. ಅಲ್ಲಿದ್ದ ಜನರನ್ನು ಯಾರೂ ಕೇಳಲಿಲ್ಲ.

ಸಂಜೆ ತಂಗಿ ದೋಕ್ಸುಗುಂಗ್ ಅರಮನೆಗೆ ಕರೆದುಕೊಂಡು ಹೋದಳು. ಸಾವಿರ ವೋನ್ ಟಿಕೆಟ್, ರಾತ್ರಿವರೆಗೂ ತೆರೆದಿರುತ್ತದೆ. ಗಿಂಕೋ ಮರಗಳೆಲ್ಲ ಅರಿಶಿನ ಬಣ್ಣಕ್ಕೆ ತಿರುಗಿದ್ದವು. ಉದುರಿದ ಹಣ್ಣು ತುಳಿದರೆ ಮಾತ್ರ ಕೆಟ್ಟ ನಾತ, ನನ್ನ ಶೂ ಎರಡು ದಿನ ನಾರುತ್ತಿತ್ತು. ಕೊರಿಯಾ ಶೈಲಿಯ ಹೆಂಚಿನ ಕಟ್ಟಡಗಳ ನಡುವೆ ಯುರೋಪಿನಿಂದ ಎತ್ತಿ ತಂದಿಟ್ಟ ಹಾಗೆ ಕಂಬಗಳ ಒಂದು ಕಲ್ಲು ಕಟ್ಟಡ ಇದೆ. ಹೆಸರು ಸೋಕ್ಜೋಜೋನ್. ನಾನು ಬಂದಿದ್ದೇ ಇದನ್ನು ನೋಡೋಕೆ. 1946ರ ಮಾರ್ಚ್‌ನಲ್ಲಿ ಅಮೆರಿಕ ಮತ್ತು ಸೋವಿಯತ್ ಅಧಿಕಾರಿಗಳು ಇಲ್ಲಿ ಒಂದೇ ಮೇಜಿಗೆ ಕೂತರು. ಹಿಂದಿನ ಡಿಸೆಂಬರ್‌ನಲ್ಲಿ ಮಾಸ್ಕೋದಲ್ಲಿ ಒಪ್ಪಂದ ಆಗಿತ್ತು. ಕೊರಿಯಾಕ್ಕೆ ಒಂದೇ ಸರ್ಕಾರ ಕಟ್ಟಬೇಕು, ಐದು ವರ್ಷದವರೆಗೆ ದೊಡ್ಡ ದೇಶಗಳು ನೋಡಿಕೊಳ್ಳಬೇಕು ಅಂತ. ಜಪಾನ್ ಹೋದ ಖುಷಿಯಲ್ಲಿದ್ದ ಜನ ಸಿಟ್ಟಿಗೆದ್ದು ಬೀದಿಗೆ ಬಂದರು. ಆ ಒಪ್ಪಂದವನ್ನು ವಿರೋಧಿಸಿದವರನ್ನು ಮಾತುಕತೆಗೆ ಸೇರಿಸಬೇಡಿ ಅಂತ ಸೋವಿಯತ್ ಹಠ ಹಿಡಿಯಿತು. ಸೇರಿಸಲೇಬೇಕು ಅಂತ ಅಮೆರಿಕದ ಹಠ. ವಿರೋಧಿಸುತ್ತಿದ್ದವರಲ್ಲಿ ಜಾಸ್ತಿ ಬಲಪಂಥದವರು, ಅವರನ್ನು ಬಿಟ್ಟರೆ ಉಳಿಯುವವರು ಕಮ್ಯುನಿಸ್ಟರು, ಇದು ಇಬ್ಬರಿಗೂ ಗೊತ್ತಿತ್ತು. ಯಾರನ್ನು ಮಾತಾಡಿಸಬೇಕು ಅನ್ನುವುದರಲ್ಲೇ ಮಾತು ಮುರಿದುಬಿತ್ತು. ಮುಂದಿನ ವರ್ಷ ಮತ್ತೆ ಕೂತರು, ಮತ್ತೆ ಮುರಿಯಿತು. ಅಷ್ಟರಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್, ಕಮ್ಯುನಿಸಂ ಹರಡದ ಹಾಗೆ ತಡೆಯುತ್ತೇವೆ ಅಂತ ಗ್ರೀಸ್, ಟರ್ಕಿಗೆ ದುಡ್ಡು ಕೊಡಲು ಹೊರಟಿದ್ದರು. ಎರಡು ವರ್ಷದ ಹಿಂದೆ ಹಿಟ್ಲರ್ ವಿರುದ್ಧ ಒಟ್ಟಿಗೆ ಹೋರಾಡಿದವರು ಇವರೇ.

ಕಟ್ಟಡದ ಮುಂದಿನ ಮೆಟ್ಟಿಲ ಮೇಲೆ ಹುಡುಗ ಹುಡುಗಿಯರು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾವೂ ತೆಗೆಸಿಕೊಂಡೆವು.

ಎರಡನೇ ದಿನ, ಗಡಿ

ಬೆಳಿಗ್ಗೆಯೇ ಎಡವಟ್ಟು. ರೈಲು ಮುನ್ಸಾನ್ ದಾಟಿದ ಮೇಲೆ ತಂಗಿ "ಅಣ್ಣ, ಪಾಸ್‌ಪೋರ್ಟ್ ಇಟ್ಕೊಂಡಿದ್ಯಾ?" ಅಂದಳು. ರೂಮಿನಲ್ಲಿ ಬಿಟ್ಟು ಬಂದಿದ್ದೆ. ಅದಿಲ್ಲದೆ ಗಡಿ ಬಸ್ ಹತ್ತಿಸುವುದಿಲ್ಲ, ಫೋನಿನಲ್ಲಿರುವ ಫೋಟೋ ನಡೆಯುವುದಿಲ್ಲ. ವಾಪಸ್ ಹೋಗಿ ತಂದಾಗ ಹನ್ನೊಂದು ದಾಟಿತ್ತು. ಅಲ್ಲಿನ ಟಿಕೆಟ್ ಮೊದಲು ಬಂದವರಿಗೆ ಮೊದಲು, ಬೆಳಿಗ್ಗೆ ಬೇಗ ಹೋಗಿ ಸಾಲಿನಲ್ಲಿ ನಿಲ್ಲಬೇಕು. ಪುಣ್ಯಕ್ಕೆ ಮಧ್ಯಾಹ್ನದ ಬಸ್ಸಿನಲ್ಲಿ ಎರಡು ಸೀಟು ಸಿಕ್ಕಿತು.

ಕಾಯುವ ಹೊತ್ತಿನಲ್ಲಿ ಇಮ್ಜಿಂಗಾಕ್‌ನಲ್ಲಿ ಸುತ್ತಾಡಿದೆವು. 1950ರ ಡಿಸೆಂಬರ್ 31ರಂದು ನಿಂತುಹೋದ ಒಂದು ಉಗಿಬಂಡಿ ಎಂಜಿನ್ ಅಲ್ಲಿದೆ. ಮೈಮೇಲೆ ಸಾವಿರಕ್ಕೂ ಜಾಸ್ತಿ ಗುಂಡಿನ ತೂತು. ಹತ್ತಿರ ಹೋಗಿ ನೋಡಿದೆ. ಒಂದೊಂದು ತೂತಿನ ಅಂಚು ಒಳಗೆ ಮಡಚಿಕೊಂಡಿದೆ, ತುಕ್ಕು ಹಿಡಿದು ಒಣಗಿದ ಅತ್ತಿಹಣ್ಣಿನ ಬಣ್ಣ. ಪಕ್ಕದಲ್ಲೇ ಒಂದು ಪೂಜೆಯ ಕಟ್ಟೆ. ಉತ್ತರದಲ್ಲಿ ಹುಟ್ಟಿ ಇಲ್ಲಿ ಉಳಿದವರು ಹಬ್ಬದ ದಿನ ಇಲ್ಲಿಗೆ ಬಂದು, ಊರಿನ ಕಡೆ ಮುಖ ಮಾಡಿ, ಹಿರಿಯರಿಗೆ ಎಡೆ ಇಟ್ಟು ಅಡ್ಡ ಬೀಳುತ್ತಾರೆ. ನಮ್ಮಲ್ಲಿ ಮಹಾಲಯಕ್ಕೆ ಎಡೆ ಇಡುವುದಿಲ್ವಾ, ಹಾಗೆ. ಸಮಾಧಿಗೆ ಹೋಗಲು ಆಗದವರಿಗೆ ಇದೇ ಸಮಾಧಿ.

ಹಬ್ಬ ಮುಗಿದಿದ್ದರೂ ಒಬ್ಬ ಅಜ್ಜ ಅಲ್ಲಿ ಕೂತಿದ್ದರು. ತಂಗಿ "ಹಾರಬೋಜಿ" ಅಂತ ಮಾತಾಡಿಸಿದಳು. ಅಜ್ಜ ಅಂತಲೇ ಅರ್ಥ. ಅವರ ಊರು ಕೇಸಾಂಗ್. ಕೇಸಾಂಗ್ ಇರುವುದು 38ನೇ ಗೆರೆಯ ದಕ್ಷಿಣಕ್ಕೆ. ಅಂದರೆ ಯುದ್ಧಕ್ಕೆ ಮುಂಚೆ ಅದು ದಕ್ಷಿಣ ಕೊರಿಯಾ. ಯುದ್ಧ ಮುಗಿದಾಗ ಉತ್ತರಕ್ಕೆ ಹೋಯಿತು. "ನಾನು ಉತ್ತರದವನಲ್ಲ. ನಾನು ಹುಟ್ಟಿದಾಗಲೂ ದಕ್ಷಿಣದವನು, ಈಗಲೂ ದಕ್ಷಿಣದವನು. ಊರು ಆ ಕಡೆ ಹೋಗಿದೆ, ಅಷ್ಟೇ" ಅಂದರು. 1951ರ ಜನವರಿಯಲ್ಲಿ ಚೀನಾದ ಸೈನ್ಯ ಇಳಿದು ಬಂದಾಗ ಅಪ್ಪನ ಜೊತೆ ಹೊರಟರಂತೆ. ಅಮ್ಮ ಬಾಣಂತಿ, ಅವರು ಹಿಂದೆ ಉಳಿದರು. "ಇಲ್ಲಿಂದ ರೈಲಲ್ಲಿ ಅರ್ಧ ಗಂಟೆನೂ ಬೇಡ" ಅಂತ ಬೆರಳು ತೋರಿಸಿದರು. ತಂಗಿ ಅನುವಾದ ಮಾಡುತ್ತಾ ನಿಲ್ಲಿಸಿಬಿಟ್ಟಳು. ನಾನು ಏನಾಯಿತು ಅಂದೆ. "ಇರು ಅಣ್ಣ" ಅಂದಳು.

ಬಸ್ ಮೊದಲು ನಿಂತಿದ್ದು ಮೂರನೇ ಸುರಂಗದ ಹತ್ತಿರ. ಉತ್ತರದವರು ನೆಲದೊಳಗೆ ದಕ್ಷಿಣದ ಕಡೆ ಕೊರೆದ ಸುರಂಗ ಇದು, 1978ರಲ್ಲಿ ಸಿಕ್ಕಿತು. 73 ಮೀಟರ್ ಆಳ, 1,635 ಮೀಟರ್ ಉದ್ದ. ಫೋನ್, ಬ್ಯಾಗ್ ಎಲ್ಲ ಹೊರಗೇ ಲಾಕರ್‌ನಲ್ಲಿ ಇಡಬೇಕು. ಕಡಿದಾದ ಇಳಿಜಾರು. ಇಳಿಯುವಾಗ ಸುಲಭ, ಹತ್ತುವಾಗ ಎದೆ ಬಾಯಿಗೆ ಬರುತ್ತದೆ. ಮಂಡಿ ನೋವಿದ್ದವರು ಯೋಚನೆ ಮಾಡಿ. ಹೆಲ್ಮೆಟ್ ಬೇಡ ಅನ್ನಿಸುತ್ತದೆ, ಹಾಕಿಕೊಳ್ಳಿ. ನನ್ನ ತಲೆ ಬಂಡೆಗೆ ನಾಲ್ಕು ಸಲ ಹೊಡೆಯಿತು. ಗೋಡೆಗೆ ಕೈ ಒರೆಸಿದರೆ ಕಪ್ಪು ಮೆತ್ತಿಕೊಂಡಿತು. ಸುರಂಗ ಸಿಕ್ಕಿಬಿದ್ದಾಗ ಇದು ಕಲ್ಲಿದ್ದಲು ಗಣಿ ಅಂತ ಹೇಳಲು ಗೋಡೆಗೆ ಇದ್ದಲಪುಡಿ ಬಳಿದಿದ್ದರಂತೆ. ಬಂಡೆ ಮಾತ್ರ ಅಪ್ಪಟ ಗ್ರಾನೈಟ್.

ದೋರಾ ವೀಕ್ಷಣಾಲಯದಿಂದ ದುರ್ಬೀನಿನಲ್ಲಿ ಉತ್ತರ ಕಾಣುತ್ತದೆ. ಗದ್ದೆ, ಬೋಳುಗುಡ್ಡ, ಮಂಜಿನೊಳಗೆ ಕೇಸಾಂಗ್. ಎದುರುಬದುರಾಗಿ ಎರಡು ಹಳ್ಳಿ, ಎರಡು ಧ್ವಜಸ್ತಂಭ. ದಕ್ಷಿಣದವರು ಸುಮಾರು 100 ಮೀಟರ್ ಎತ್ತರದ್ದು ನಿಲ್ಲಿಸಿದರು. ಉತ್ತರದವರು 160 ಮೀಟರಿನದು ನಿಲ್ಲಿಸಿದರು. ಎರಡು ಮಹಾಶಕ್ತಿಗಳು 45 ವರ್ಷ ಮಾಡಿದ್ದು ಇದನ್ನೇ. 1949ರ ಆಗಸ್ಟ್‌ನಲ್ಲಿ ಸೋವಿಯತ್ ಅಣುಬಾಂಬ್ ಸಿಡಿಸಿತು. ಅಮೆರಿಕ ಅದಕ್ಕಿಂತ ದೊಡ್ಡದಕ್ಕೆ ಕೈ ಹಾಕಿತು. ಆ ಅಕ್ಟೋಬರ್‌ನಲ್ಲಿ ಚೀನಾ ಕಮ್ಯುನಿಸ್ಟರದಾಯಿತು. ದಕ್ಷಿಣದ ಮೇಲೆ ನುಗ್ಗುತ್ತೇನೆ, ಒಪ್ಪಿಗೆ ಕೊಡಿ ಅಂತ 1949ರಲ್ಲಿ ಉತ್ತರದ ನಾಯಕ ಕಿಮ್ ಇಲ್ ಸುಂಗ್ ಕೇಳಿದಾಗ ಬೇಡ ಅಂದಿದ್ದ ಸ್ಟಾಲಿನ್, 1950ರಲ್ಲಿ ಸರಿ ಅಂದರು, ಮಾವೋ ಕೂಡ ಒಪ್ಪಬೇಕು ಅನ್ನುವ ಷರತ್ತಿನ ಮೇಲೆ. ಜೂನ್ 25ರ ಭಾನುವಾರ ಬೆಳಗಿನ ಜಾವ ಗೆರೆ ಮುರಿಯಿತು. ಭದ್ರತಾ ಮಂಡಳಿಯಲ್ಲಿ ಸೋವಿಯತ್ ಪ್ರತಿನಿಧಿ ಇರಲೇ ಇಲ್ಲ, ಚೀನಾದ ಸೀಟು ಕಮ್ಯುನಿಸ್ಟರಿಗೋ ತೈವಾನಿಗೋ ಅನ್ನುವ ಜಗಳಕ್ಕೆ ಬಹಿಷ್ಕಾರ ಹಾಕಿದ್ದರು. ಹಾಗಾಗಿ ವಿಟೋ ಹಾಕುವವರಿಲ್ಲದೆ ವಿಶ್ವಸಂಸ್ಥೆಯ ಬಾವುಟದಡಿ ಅಮೆರಿಕದ ಸೈನ್ಯ ಇಳಿಯಿತು. ಸೋವಿಯತ್ ಪೈಲಟ್‌ಗಳೂ ಗುಟ್ಟಾಗಿ ಮಿಗ್ ಹಾರಿಸಿದರು. ರೇಡಿಯೋದಲ್ಲಿ ರಷ್ಯನ್ ಮಾತಾಡಬಾರದು ಅಂತ ಅವರಿಗೆ ಆಜ್ಞೆ ಇತ್ತು. ಗುಂಡು ಹಾರತೊಡಗಿದ ಮೇಲೆ ಯಾರಿಗೆ ಪರಭಾಷೆ ನೆನಪಿರುತ್ತದೆ? ರಷ್ಯನ್ನಿನಲ್ಲೇ ಕೂಗಿಕೊಂಡರು. ಅಮೆರಿಕಕ್ಕೂ ಗೊತ್ತಾಯಿತು. ನೇರ ಯುದ್ಧ ಆಗಬಾರದು ಅಂತ ಸುಮ್ನಿತ್ತು.

ಕೊನೆಗೆ ದೋರಾಸಾನ್ ರೈಲು ನಿಲ್ದಾಣ. ಫಲಕದಲ್ಲಿ ಸಿಯೋಲ್ 56 ಕಿ.ಮೀ., ಪ್ಯಾಂಗ್ಯಾಂಗ್ 205 ಕಿ.ಮೀ. ನೆಲ ಕನ್ನಡಿಯ ಹಾಗೆ ಹೊಳೆಯುತ್ತಿತ್ತು.

ರಾತ್ರಿ ಪಾಜುವಿನಲ್ಲಿ ಜಾಂಗ್‌ದಾನ್ ಸೋಯಾ ತೋಫು ತಿಂದೆವು. ಗಡಿಯ ಹತ್ತಿರದ ಹೊಲದ ಕಾಳು. ಬಿಸಿ ಬಿಸಿ, ಹಾಲಿನ ಕೆನೆಯ ಹಾಗೆ. ಸಸ್ಯಾಹಾರಿಗಳಿಗೆ ಕೊರಿಯಾದಲ್ಲಿ ಕಷ್ಟ ನಿಜ, ಸಾರಿನಲ್ಲಿ ಮೀನಿನ ಪುಡಿ ಇರುತ್ತದೆ, ಕೇಳಿ ತಿನ್ನಬೇಕು.

ಮೂರನೇ ದಿನ, ಚೋರ್ವನ್

ಈ ಊರಿಗೆ ಪ್ರವಾಸಿಗರು ಕಡಿಮೆ. ನನ್ನ ಮಟ್ಟಿಗೆ ಐದು ದಿನದಲ್ಲಿ ಇದೇ ಮುಖ್ಯ. ಬಸ್ಸಿನಲ್ಲಿ ಎರಡು ಗಂಟೆಗೂ ಮೇಲೆ. ದಾರಿಯುದ್ದಕ್ಕೂ ರಸ್ತೆಗೆ ಅಡ್ಡಲಾಗಿ ಕಾಂಕ್ರೀಟಿನ ಭಾರಿ ದಿಮ್ಮಿಗಳು, ಟ್ಯಾಂಕ್ ಬಂದರೆ ಸಿಡಿಸಿ ಬೀಳಿಸಿ ದಾರಿ ಮುಚ್ಚಲು. ಸಣ್ಣ ಮಳೆ ಶುರುವಾಯಿತು. ನಾವು ಒಂದು ಸ್ಟಾಪ್ ಮುಂಚೆ ಇಳಿದುಬಿಟ್ಟೆವು. ಸುತ್ತ ಕೊಯ್ದ ಗದ್ದೆ, ಕೂಳೆ ನಡುವೆ ಕಾಳು ಹೆಕ್ಕುವ ಹೆಬ್ಬಾತುಗಳು. ನಮ್ಮ ಕಡೆಯ ಗದ್ದೆಬಯಲಿನಲ್ಲಿ ನಿಂತ ಹಾಗೇ ಇತ್ತು, ಚಳಿ ಮಾತ್ರ ಮೂಳೆಗೆ ಇಳಿಯುತ್ತಿತ್ತು. ಅರ್ಧ ಗಂಟೆ ನೆನೆದ ಮೇಲೆ ಒಬ್ಬ ರೈತ ಸಣ್ಣ ಟ್ರಕ್ ನಿಲ್ಲಿಸಿ ಹತ್ತಿಸಿಕೊಂಡರು. ಎಪ್ಪತ್ತರ ಆಸುಪಾಸು.

ಚೋರ್ವನ್ ಕೇಸಾಂಗ್‌ಗೆ ಉಲ್ಟಾ. ಇದು 38ರ ಉತ್ತರಕ್ಕಿದೆ. 1945ರಿಂದ ಕಮ್ಯುನಿಸ್ಟ್ ಆಳ್ವಿಕೆ, ಯುದ್ಧ ಆದ ಮೇಲೆ ದಕ್ಷಿಣದ ಪಾಲು. 1946ರ ಮಾರ್ಚ್‌ನಲ್ಲಿ ಉತ್ತರದಲ್ಲಿ ಭೂಸುಧಾರಣೆ ಆಯಿತು. ಜಮೀನ್ದಾರರ ಭೂಮಿ ಗೇಣಿದಾರರಿಗೆ. ನಮ್ಮಲ್ಲಿ ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಬಂದಾಗ ಎಷ್ಟು ಮನೆಗಳ ಬದುಕು ಬದಲಾಯಿತು ಅಂತ ಕೇಳಿ ಬೆಳೆದವನು ನಾನು. ಹಾಗಾಗಿ ಈ ಅಜ್ಜನ ಮಾತು ಬೇಗ ಅರ್ಥವಾಯಿತು. ಅವರ ತಾತನಿಗೂ ಒಂದು ಗದ್ದೆ ಸಿಕ್ಕಿತ್ತು, ಹಕ್ಕುಪತ್ರದ ಸಮೇತ. ಯುದ್ಧದಲ್ಲಿ ಊರು ಸುಟ್ಟುಹೋಯಿತು, ಮನೆಯವರೆಲ್ಲ ನಿರಾಶ್ರಿತರಾದರು. 1954ರ ನವೆಂಬರ್‌ನಲ್ಲಿ ಆಡಳಿತ ಸಿಯೋಲ್‌ಗೆ ಬಂತು. ಆಗ ಆ ಹಕ್ಕುಪತ್ರ ಕೈಯಲ್ಲಿದ್ದರೆ ಕಮ್ಯುನಿಸ್ಟರ ಕಡೆಯವರು ಅಂತ ಹಿಡಿಯುತ್ತಾರೆ ಅನ್ನುವ ಭಯ. "ಅಜ್ಜಿ ಅದನ್ನ ಒಲೆಗೆ ಹಾಕಿದ್ಲು. ಆಮೇಲೆ ಅದೇ ಗದ್ದೆ ನಮ್ಮದು ಅಂತ ಹೇಳೋಕೆ ಕಾಗದ ಇರಲಿಲ್ಲ" ಅಂದರು. ಗದ್ದೆ ಮತ್ತೆ ಸಿಕ್ತಾ ಅಂತ ತಂಗಿ ಕೇಳಿದಳು. "ಕೊಂಡ್ಕೊಂಡ್ವಿ. ಹದಿನಾರು ವರ್ಷ ಆದ್ಮೇಲೆ."

ಅವರೇ ನಮ್ಮನ್ನು ಕಮ್ಯುನಿಸ್ಟರ ಹಳೆಯ ಕಾರ್ಮಿಕ ಪಕ್ಷದ ಕಚೇರಿಯ ಮುಂದೆ ಇಳಿಸಿದರು. 1946ರಲ್ಲಿ ಊರೂರಿಂದ ಅಕ್ಕಿ ವಸೂಲಿ ಮಾಡಿ ಕಟ್ಟಿದ ಮೂರು ಮಹಡಿಯ ಕಟ್ಟಡ. ಸುತ್ತಲಿನ ಪಟ್ಟಣ ಪೂರ್ತಿ ಅಳಿಸಿಹೋಗಿದೆ, ಇದರ ಗೋಡೆ ಮಾತ್ರ ನಿಂತಿದೆ. ಒಳಗೆ ಬಿಡುವುದಿಲ್ಲ. ಮುಂದಿನ ಮೆಟ್ಟಿಲುಗಳ ಅಂಚು ಮುರಿದು ಸವೆದಿದೆ, ಟ್ಯಾಂಕ್ ಹತ್ತಿದ ಗುರುತು ಅಂತಾರೆ. ಖಾಲಿ ಕಿಟಕಿಯಲ್ಲಿ ಆಕಾಶ ಕಾಣುತ್ತಿತ್ತು. ಗೋಡೆಯ ಗುಂಡಿನ ಗುಳಿಗಳಲ್ಲಿ ಮಳೆನೀರು ತುಂಬಿ ಒಂದರಿಂದ ಒಂದಕ್ಕೆ ಇಳಿಯುತ್ತಿತ್ತು.

ದೂರದಲ್ಲಿ ಬಿಳಿಕುದುರೆ ಬೆಟ್ಟ. 1952ರ ಅಕ್ಟೋಬರ್‌ನಲ್ಲಿ ಹತ್ತು ದಿನಗಳಲ್ಲಿ ಈ ಬೆಟ್ಟ 24 ಸಲ ಕೈ ಬದಲಾಯಿಸಿತು. ಗಿಡಮರ ಉರಿದು ಬೋಳಾಗಿ, ಮೇಲಿಂದ ನೋಡಿದರೆ ಬಿಳಿ ಕುದುರೆ ಮಲಗಿದ ಹಾಗೆ ಕಾಣುತ್ತಿತ್ತಂತೆ, ಅದಕ್ಕೆ ಆ ಹೆಸರು. ಕದನ ವಿರಾಮದ ಮಾತುಕತೆ ಶುರುವಾಗಿ ಆಗಲೇ ಒಂದು ವರ್ಷದ ಮೇಲಾಗಿತ್ತು! ನನಗೆ ಹೊಟ್ಟೆ ಉರಿದಿದ್ದು ಇಲ್ಲಿ. ಗೆರೆ ಎಲ್ಲಿ ಅನ್ನುವುದು ಹೆಚ್ಚುಕಡಿಮೆ ನಿರ್ಧಾರ ಆಗಿತ್ತು. ಸಿಕ್ಕಿಹಾಕಿಕೊಂಡಿದ್ದು ಒಂದೇ ವಿಷಯ, ಯುದ್ಧಕೈದಿಗಳು. ಎಲ್ಲರನ್ನೂ ಅವರವರ ದೇಶಕ್ಕೆ ಕಳಿಸಿ ಅಂತ ಕಮ್ಯುನಿಸ್ಟ್ ಕಡೆ. ಹೋಗಲು ಇಷ್ಟವಿಲ್ಲದವರನ್ನು ಕಳಿಸುವುದಿಲ್ಲ ಅಂತ ಅಮೆರಿಕ. ಎದುರು ಕಡೆಯ ವ್ಯವಸ್ಥೆ ಬೇಡ ಅಂತ ಅವರ ಕೈದಿಯೇ ಹೇಳಿದ ಅಂತ ಜಗತ್ತಿಗೆ ತೋರಿಸುವ ಹಟ ಎರಡೂ ಕಡೆಗೆ. ಅದಕ್ಕೋಸ್ಕರ ಇಂಥ ಬೆಟ್ಟಗಳ ಮೇಲೆ ಹುಡುಗರು ಸಾಯುತ್ತಲೇ ಇದ್ದರು.

ನಾಲ್ಕನೇ ದಿನ, ಬುಸಾನ್

ಎರಡೂವರೆ ಗಂಟೆಯ ರೈಲು. ಬುಸಾನ್ ಯುದ್ಧದ ಕಾಲದಲ್ಲಿ ತಾತ್ಕಾಲಿಕ ರಾಜಧಾನಿ. ಉತ್ತರದಿಂದ ಬಂದ ನಿರಾಶ್ರಿತರು ತಮ್ಮೂರಿನ ತಣ್ಣನೆ ಶಾವಿಗೆ ಮಾಡಲು ನೋಡಿದರೆ ಅದಕ್ಕೆ ಬೇಕಾದ ಬಕ್‌ವೀಟ್ ಅನ್ನುವ ಧಾನ್ಯ ಸಿಗಲಿಲ್ಲ. ಅಮೆರಿಕದ ನೆರವಿನ ಗೋಧಿಹಿಟ್ಟಿನಲ್ಲಿ ಮಾಡಿದರು. ಅದೇ ಮಿಲ್‌ಮ್ಯೋನ್. ಐಸ್ ತೇಲುವ ಸಾರಿನಲ್ಲಿ ಬಂತು. ಸಾಸಿವೆ, ವಿನಿಗರ್ ನೀವೇ ಹಾಕಿಕೊಳ್ಳಬೇಕು. ಮೊದಲ ತುತ್ತು ಸಪ್ಪೆ ಅನ್ನಿಸಿತು, ಬಟ್ಟಲು ಮಾತ್ರ ಖಾಲಿಯಾಯಿತು.

ಮಧ್ಯಾಹ್ನ ವಿಶ್ವಸಂಸ್ಥೆಯ ಸ್ಮಶಾನ. ಸುಮಾರು 2,300 ಸಮಾಧಿ, ಸಾಲು ಸಾಲು ಗುಲಾಬಿ ಗಿಡ. ಹತ್ತೊಂಬತ್ತು, ಇಪ್ಪತ್ತು ವರ್ಷದ ಹೆಸರುಗಳು. ಯಾರೂ ಮಾತಾಡಲಿಲ್ಲ.

ಐದನೇ ದಿನ, ಗೋಜೆ ದ್ವೀಪ

ಬುಸಾನ್‌ನಿಂದ ಬಸ್ ಸಮುದ್ರದ ಕೆಳಗಿನ ಸುರಂಗಕ್ಕೆ ಇಳಿದು, ಆಮೇಲೆ ಸಮುದ್ರದ ಮೇಲಿನ ಸೇತುವೆ ದಾಟುತ್ತದೆ. ಕಿಟಕಿ ಪಕ್ಕ ಕೂರಿ. ಈ ದ್ವೀಪದಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಕೈದಿಗಳನ್ನು ಇಟ್ಟಿದ್ದರು. ಈಗ ಅಲ್ಲಿ ಉದ್ಯಾನ, ಮ್ಯೂಸಿಯಂ. ನಿಜವಾದ ಶಿಬಿರದಲ್ಲಿ ಉಳಿದಿರುವುದು ಕೆಲವು ಕಲ್ಲಿನ ಮೋಟುಗೋಡೆಗಳು.

ಶಿಬಿರದ ಒಳಗೂ ಅದೇ ಯುದ್ಧ. ಒಂದು ಬೇಲಿಯೊಳಗೆ ಕಮ್ಯುನಿಸ್ಟರು, ಪಕ್ಕದ ಬೇಲಿಯೊಳಗೆ ಅವರ ವಿರೋಧಿಗಳು. ಹಗಲು ಅಮೆರಿಕದವರ ಕಾವಲು, ರಾತ್ರಿ ಇವರದೇ ನ್ಯಾಯ, ಇವರದೇ ಕೊಲೆ. 1952ರ ಮೇ 7ರಂದು ಶಿಬಿರದ ಅಧಿಕಾರಿ ಬ್ರಿಗೇಡಿಯರ್ ಜನರಲ್ ಡಾಡ್ ಅವರನ್ನೇ ಕೈದಿಗಳು ಹಿಡಿದಿಟ್ಟುಕೊಂಡರು. ಚೀನಾದ ಕೈದಿಗಳ ಮೈಮೇಲೆ ಕಮ್ಯುನಿಸ್ಟ್ ವಿರೋಧಿ ಹಚ್ಚೆ ಹಾಕಿಸುತ್ತಿದ್ದರು, ಎಷ್ಟೋ ಜನರಿಗೆ ಬಲವಂತವಾಗಿ. ಆ ತೋಳು ಇಟ್ಟುಕೊಂಡು ಊರಿಗೆ ಹೋಗೋದು ಹೇಗೆ?

ಇಲ್ಲಿಗೆ ನಮ್ಮವರ ಪ್ರವೇಶ. ಸ್ಟಾಲಿನ್ 1953ರ ಮಾರ್ಚ್‌ನಲ್ಲಿ ತೀರಿಕೊಂಡ ಮೇಲೆ ಮಾತು ಸಡಿಲವಾಯಿತು. ಭಾರತ ಮೊದಲೇ ವಿಶ್ವಸಂಸ್ಥೆಯಲ್ಲಿ ಇಟ್ಟಿದ್ದ ಸಲಹೆಯ ದಾರಿಯಲ್ಲೇ ಕೈದಿಗಳ ವಿಷಯ ನೋಡಲು ತಟಸ್ಥ ದೇಶಗಳ ಆಯೋಗ ಬಂತು. ಅಧ್ಯಕ್ಷರು ಲೆಫ್ಟಿನೆಂಟ್ ಜನರಲ್ ಕೊಡಂದೇರ ತಿಮ್ಮಯ್ಯ. ಭಾರತದ ಸೈನಿಕರು ನಮ್ಮ ನೆಲ ಮೆಟ್ಟಕೂಡದು ಅಂತ ದಕ್ಷಿಣದ ಅಧ್ಯಕ್ಷ ಸಿಂಗ್‌ಮನ್ ರೀ ಪಟ್ಟು ಹಿಡಿದರು. ಹಡಗಿನಿಂದ ಹೆಲಿಕಾಪ್ಟರಿನಲ್ಲಿ ಎತ್ತಿ ನೇರ ಎರಡು ಕೊರಿಯಾಗಳ ನಡುವಿನ ಗಡಿಪಟ್ಟಿಗೆ ಇಳಿಸಬೇಕಾಯಿತು. ವಾಪಸ್ ಹೋಗಲ್ಲ ಅಂದ 22,000ಕ್ಕೂ ಜಾಸ್ತಿ ಕೈದಿಗಳನ್ನು ಅವರು ಕಾದರು. ಒಬ್ಬೊಬ್ಬನನ್ನೂ ಗುಡಾರಕ್ಕೆ ಕರೆತರಬೇಕು. ಅವನ ದೇಶದ ಅಧಿಕಾರಿ ಮನೆಗೆ ಬಾ ಅಂತ ಮನವೊಲಿಸುತ್ತಾನೆ. ಗುಡಾರಕ್ಕೆ ಹೊರಗೆ ಹೋಗಲು ಎರಡು ಬಾಗಿಲು. ಒಂದು ಊರಿಗೆ, ಒಂದು ಮತ್ತೆ ಶಿಬಿರಕ್ಕೆ. ಕಿರುಚುವವರು, ಕುರ್ಚಿ ಎಸೆಯುವವರು, ಅಳುವವರು. ನಡುವೆ ಭಾರತದ ಸೈನಿಕರು, ಎರಡೂ ಕಡೆಯಿಂದ ಬೈಸಿಕೊಳ್ಳುತ್ತಾ, ಗುಂಡು ಹಾರಿಸದೆ ಇರಲು ಪ್ರಯತ್ನಪಡುತ್ತಾ.

ಬಹುಪಾಲು ಕೈದಿಗಳು ಹಿಂದಕ್ಕೆ ಹೋಗಲಿಲ್ಲ. ಚೀನಾದವರಲ್ಲಿ ಸುಮಾರು 14,000 ಮಂದಿ ತೈವಾನ್ ಸೇರಿದರು. ಎಲ್ಲ ಕೈದಿಗಳಲ್ಲಿ 88 ಜನ ಮಾತ್ರ ಆ ಕಡೆಯೂ ಬೇಡ, ಈ ಕಡೆಯೂ ಬೇಡ ಅಂದರು. ಅವರು 1954ರ ಫೆಬ್ರುವರಿಯಲ್ಲಿ ನಮ್ಮ ಸೈನಿಕರ ಜೊತೆ ಹಡಗು ಹತ್ತಿ ಭಾರತಕ್ಕೆ ಬಂದರು. ಆಮೇಲೆ ಜಾಸ್ತಿ ಜನ ಬ್ರೆಜಿಲ್, ಅರ್ಜೆಂಟೀನಾ ಕಡೆ ಹೋದರು. ಕೆಲವರು ಭಾರತದಲ್ಲೇ ನೆಲೆಸಿದರು.

ಬಸ್ ಸ್ಟ್ಯಾಂಡಿನಿಂದ ಅಪ್ಪನಿಗೆ ಫೋನ್ ಮಾಡಿದೆ. ತಂಗಿ ಪಕ್ಕದಲ್ಲಿ ಕೂತು ಪರ್ಸಿಮನ್ ಹಣ್ಣು ಹೆಚ್ಚುತ್ತಿದ್ದಳು. ಟ್ರಕ್ಕಿನ ಅಜ್ಜ ಕೊಟ್ಟಿದ್ದು, ಎರಡು ದಿನದಲ್ಲಿ ಹದವಾಗಿ ಮೆತ್ತಗಾಗಿತ್ತು. ತಿಮ್ಮಯ್ಯನವರು ಇದ್ದ ಜಾಗ ನೋಡಿದ್ಯಾ ಅಂತ ಅಪ್ಪ ಕೇಳಿದರು. ಅದು ಗಡಿಪಟ್ಟಿಯೊಳಗೆ, ಹೋಗೋಕೆ ಬಿಡಲ್ಲ, ದೂರದಿಂದ ಆ ಕಡೆ ನೋಡಿದೆ ಅಂದೆ. ಗುಡಾರದ ಕಥೆ ಹೇಳಿದೆ, ಎರಡು ಬಾಗಿಲಿನದು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಆ 88 ಜನ ಯಾವ ಬಾಗಿಲಿಂದ ಹೊರಗೆ ಬಂದ್ರೋ?"

ಅಷ್ಟರಲ್ಲಿ ಬುಸಾನ್ ಬಸ್ ಬಂತು. ತಂಗಿ ಬ್ಯಾಗ್ ಎತ್ತಿಕೊಂಡು, ಹೆಚ್ಚಿದ ಹಣ್ಣನ್ನು ನನ್ನ ಕೈಗೆ ಇಟ್ಟಳು.